ಗೊರಕೆಗೆ ಯಾವ ದಾರಿ? ಮಾಸ್ಕು, ಹಲ್ಲಿನ ಪ್ಲೇಟು, ಬೆನ್ನಿನ ಚೆಂಡು: ಹಾಸನದಿಂದ ಒಂದು ಹೋಲಿಕೆ

ನಾಲ್ಕು ವರ್ಷದ ಹಿಂದಿನ ಮಾತು. ಹೆಂಡತಿ ರಾತ್ರಿ ನನ್ನ ಗೊರಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬೆಳಿಗ್ಗೆ ಕಾಫಿ ಹೊತ್ತಿಗೆ ಎಲ್ಲರ ಮುಂದೆ ಹಾಕಿದಳು. ಮಗಳು ನಕ್ಕಳು, ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು. ಬರೀ ಫ್ಯಾನಿನ ಸದ್ದು. "ಎಣಿಸ್ರೀ" ಅಂದಳು ಹೆಂಡತಿ. ಎಣಿಸಿದೆ. ಮೂವತ್ತನಾಲ್ಕಕ್ಕೆ ಬಂದಾಗ, ಕೆಟ್ಟ ಡೀಸೆಲ್ ಪಂಪು ಸ್ಟಾರ್ಟ್ ಆದ ಹಾಗೆ ಗಂಟಲಿನಿಂದ ಒಂದು ಸದ್ದು ಬಂದು ಉಸಿರು ಮತ್ತೆ ಶುರುವಾಯಿತು. "ಅಪ್ಪ, ಅಷ್ಟು ಹೊತ್ತು ನೀವು ಉಸಿರೇ ಆಡಿಲ್ಲ" ಅಂದಳು ಮಗಳು.

ಅದಕ್ಕೆ ಒಂದು ತಿಂಗಳ ಮೊದಲು ಚನ್ನರಾಯಪಟ್ಟಣದ ಹತ್ತಿರ ಕಾರು ಓಡಿಸುತ್ತಲೇ ತೂಕಡಿಸಿದ್ದೆ. ಸಾಲಗಾಮೆ ರಸ್ತೆಯಲ್ಲಿ ನನ್ನದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಸಾಮಾನು ತರಲು ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಬೇಕು. ಅವತ್ತು ರಸ್ತೆ ಬದಿಯ ಜಲ್ಲಿಗೆ ಚಕ್ರ ಇಳಿದ ಸದ್ದಿಗೆ ಎಚ್ಚರವಾಯಿತು. ವಯಸ್ಸಾಯ್ತು, ಸುಸ್ತು ಅಂದುಕೊಂಡು ಸುಮ್ಮನಾಗಿದ್ದೆ.

ಆಮೇಲೆ ಟೆಸ್ಟ್ ಆಯಿತು, ಮಲಗಿದಾಗ ಮಾಸ್ಕಿನ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಅನ್ನುವ ಮೆಷಿನ್ ಬಂತು. ಈಗ ಮದುವೆಗೋ ಜಾತ್ರೆಗೋ ನೆಂಟರ ಮನೆಗೆ ಹೋದರೆ, ಆ ಬ್ಯಾಗ್ ನೋಡಿ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆಯುತ್ತಾರೆ. "ನಮ್ಮನೇಲೂ ಇದೇ ಕತೆ. ಯಾವ ಮೆಷಿನ್ ಒಳ್ಳೇದು?" ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಟೆಸ್ಟ್ ಆಗಿದೆಯಾ? ಮೂಗು ಕಟ್ಟುತ್ತಾ? ನಿಮ್ಮನೇಲಿ ಕರೆಂಟ್ ಎಷ್ಟು ಹೊತ್ತು ಹೋಗುತ್ತೆ? ಮೂರನೆಯದಕ್ಕೆ ಹಾಸನದವರು ನಗುತ್ತಾರೆ. ಮೂಡಿಗೆರೆಯವರು ನಗುವುದಿಲ್ಲ.

ನಾನು ಡಾಕ್ಟರ್ ಅಲ್ಲ. ಇಲ್ಲಿರುವುದು ನಾಲ್ಕು ವರ್ಷ ಮಾಸ್ಕ್ ಹಾಕಿಕೊಂಡು ಮಲಗಿದ ಅನುಭವ, ಸ್ವಲ್ಪ ಓದು, ಮತ್ತೆ ಡಾಕ್ಟರರನ್ನು ಕಾಡಿಸಿ ಕೇಳಿ ತಿಳಿದದ್ದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವುದು ಎಲ್ಲಕ್ಕಿಂತ ಒಳ್ಳೆಯದು ಅನ್ನೋದಕ್ಕಿಂತ, ರಾತ್ರಿ ಮೂರು ಗಂಟೆಗೂ ಯಾವುದನ್ನು ನೀವು ಕಿತ್ತು ಬಿಸಾಡಿರುವುದಿಲ್ಲ ಅನ್ನೋದನ್ನು ನೋಡಿ ಆರಿಸಬೇಕು.

ಮೊದಲು ತೊಂದರೆ ಯಾವುದು ಅಂತ ನೋಡಿ

ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗುತ್ತದೆ. ಕೆಲವರಿಗೆ ಎಷ್ಟು ಸಡಿಲ ಅಂದರೆ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಹಾಗೆ 10 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತರೆ ಅದು ಅಪ್ನಿಯಾ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ತಟ್ಟಿ ಎಬ್ಬಿಸುತ್ತದೆ, ಉಸಿರು ಬರುತ್ತದೆ, ಮತ್ತೆ ನಿದ್ದೆ. ಬೆಳಿಗ್ಗೆ ಇದು ಯಾವುದೂ ನೆನಪಿರುವುದಿಲ್ಲ. ನೆನಪಿರುವುದು ತಲೆನೋವು, ಒಣಗಿದ ಬಾಯಿ, ಎರಡು ಮೂರು ಸಲ ಮೂತ್ರಕ್ಕೆ ಎದ್ದದ್ದು. ಮೂತ್ರದ್ದು ಶುಗರ್ ಇರಬೇಕು ಅಂತ ನಾನೂ ಟೆಸ್ಟ್ ಮಾಡಿಸಿದ್ದೆ. ಶುಗರ್ ಇರಲಿಲ್ಲ. ಬಿಪಿ ಇತ್ತು, ಎರಡು ಮಾತ್ರೆಗೂ ಬಗ್ಗದ ಬಿಪಿ.

ಡಾಕ್ಟರರು 'ಸ್ಟಾಪ್-ಬ್ಯಾಂಗ್' ಅನ್ನುವ ಎಂಟು ಪ್ರಶ್ನೆ ಕೇಳುತ್ತಾರೆ. ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಲ್ಲುವುದನ್ನು ಯಾರಾದರೂ ನೋಡಿರುವುದು, ಬಿಪಿ, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 35ಕ್ಕಿಂತ ಜಾಸ್ತಿ, ವಯಸ್ಸು 50 ದಾಟಿರುವುದು, ಕುತ್ತಿಗೆ ಸುತ್ತಳತೆ 40 ಸೆಂಟಿಮೀಟರಿಗಿಂತ ಜಾಸ್ತಿ, ಗಂಡಸಾಗಿರುವುದು. ಮೂರಕ್ಕೆ ಹೌದು ಅಂದರೆ ಅನುಮಾನ, ಐದಕ್ಕೆ ಹೌದು ಅಂದರೆ ಬಲವಾದ ಅನುಮಾನ. ಕುತ್ತಿಗೆ ಅಳೆಯಲು ಟೈಲರ್ ಟೇಪು ಸಾಕು. ನನ್ನದು 43 ಬಂತು.

ಹೆಂಗಸರ ವಿಷಯ ಬೇರೆ. ಅವರು ಗೊರಕೆ ಅಂತ ಡಾಕ್ಟರ ಹತ್ತಿರ ಹೋಗುವುದೇ ಕಡಿಮೆ. ಸುಸ್ತು, ರಾತ್ರಿ ಪದೇ ಪದೇ ಎಚ್ಚರ, ಬೆಳಿಗ್ಗೆ ತಲೆನೋವು ಅನ್ನುತ್ತಾರೆ. ರಕ್ತ ಕಡಿಮೆ ಇದೆ ಅಂತಲೋ ಮನೆ ಚಿಂತೆ ಅಂತಲೋ ಕಳಿಸಿಬಿಡುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಅಪ್ನಿಯಾ ಜಾಸ್ತಿಯಾಗುತ್ತದೆ. ಮನೆಯ ಹೆಂಗಸರ ಗೊರಕೆಯನ್ನು ಯಾರೂ ರೆಕಾರ್ಡ್ ಮಾಡುವುದಿಲ್ಲ, ಅಲ್ವಾ?

ನಿದ್ದೆ ಕೆಟ್ಟದ್ದೆಲ್ಲ ಅಪ್ನಿಯಾ ಅಲ್ಲ. ಬೇಲೂರಿನ ನಮ್ಮ ಚಿಕ್ಕಮ್ಮ ರಾತ್ರಿ ಹನ್ನೊಂದಾದರೆ ನಡುಮನೆಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದರು. "ಕಾಲಿನೊಳಗೆ ಇರುವೆ ಹರಿದಂಗಾಗ್ತದೆ ಕಣೋ, ಅಲ್ಲಾಡಿಸಿದ್ರೆ ಸರಿ, ಮಲಗಿದ್ರೆ ಮತ್ತೆ ಶುರು." ವರ್ಷಗಟ್ಟಲೆ ವಾಯು ಅಂತ ಎಣ್ಣೆ ತಿಕ್ಕಿಸಿಕೊಂಡರು. ಅದು ರೆಸ್ಟ್‌ಲೆಸ್ ಲೆಗ್ಸ್ ಅನ್ನುವ ತೊಂದರೆ. ಕೂತಾಗ ಮಲಗಿದಾಗ ಶುರು, ನಡೆದರೆ ಕಡಿಮೆ, ಸಂಜೆ ಮೇಲೆ ಜಾಸ್ತಿ, ಇದೇ ಅದರ ಗುರುತು. ಇದಕ್ಕೆ ಯಾವ ಮೆಷಿನ್ನೂ ಬೇಡ. ಮೊದಲು ರಕ್ತದಲ್ಲಿ ಫೆರಿಟಿನ್, ಅಂದರೆ ದೇಹ ಕೂಡಿಟ್ಟ ಕಬ್ಬಿಣ ಎಷ್ಟು ಅಂತ ನೋಡುತ್ತಾರೆ. 75ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಮಾತ್ರೆ ಕೊಡುವುದುಂಟು. ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್ ಕಡಿಮೆ ಇರಬಹುದು, ಅದನ್ನು ಬೇರೆಯಾಗಿ ಬರೆಸಬೇಕು. ಚಿಕ್ಕಮ್ಮ ಮಾತ್ರೆಯನ್ನು ಕಾಫಿ ಜೊತೆ ನುಂಗುತ್ತಿದ್ದರು! ಕಾಫಿ, ಟೀ ಕಬ್ಬಿಣವನ್ನು ದೇಹಕ್ಕೆ ಹತ್ತಗೊಡುವುದಿಲ್ಲ. ಕಾಫಿ ಒಂದೆರಡು ಗಂಟೆ ಆಚೆ ಇಟ್ಟುಕೊಂಡು, ನಿಂಬೆ ಶರಬತ್ತಿನ ಜೊತೆ ತಗೊಂಡ ಮೇಲೆ ಎರಡು ಮೂರು ತಿಂಗಳಿಗೆ ನಡಿಗೆ ನಿಂತಿತು. ಚಿಕ್ಕಮಗಳೂರು ಸೀಮೆಯಲ್ಲಿ ಕಾಫಿ ಬಿಡಿ ಅಂದರೆ ಕೇಳುವವರಿಲ್ಲ, ಹೊತ್ತು ಬದಲಿಸಿ ಅಂದರೆ ಕೇಳುತ್ತಾರೆ.

ಇನ್ನು ನಿದ್ದೆಯೇ ಬಾರದವರು. ಅಪ್ನಿಯಾದವನಿಗೆ ಕೂತಲ್ಲೇ ನಿದ್ದೆ, ಇವರಿಗೆ ಮಲಗಿದರೂ ಇಲ್ಲ. ಇವರಲ್ಲಿ ಬಹಳ ಜನ ಮೆಡಿಕಲ್ ಸ್ಟೋರಿನ ಮಾತ್ರೆ ಮೇಲೆ ಬದುಕುತ್ತಿದ್ದಾರೆ. ಆದರೆ ದೀರ್ಘ ಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಸಿಬಿಟಿ-ಐ ಅನ್ನುವ ಅಭ್ಯಾಸ ತಿದ್ದುವ ಚಿಕಿತ್ಸೆ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು, ಬಾರದಿದ್ದರೆ ಎದ್ದು ಹೊರಗೆ ಕೂರುವುದು, ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು. ಕೇಳಲು ಸುಲಭ, ಮೊದಲ ಎರಡು ವಾರ ನರಕ. ಮಾತ್ರೆ ಇವತ್ತು ರಾತ್ರಿಗೆ ಕೆಲಸ ಮಾಡುತ್ತದೆ, ಇದು ನಾಲ್ಕಾರು ವಾರ ಬೇಡುತ್ತದೆ, ಆದರೆ ಬಿಟ್ಟ ಮೇಲೂ ಉಳಿಯುತ್ತದೆ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ತೊಂದರೆ ಯಾವುದು ಅಂತ ಮೊದಲು ಗೊತ್ತಾಗಬೇಕು ಅನ್ನುವುದು ಇದಕ್ಕೇ. ಅಪ್ನಿಯಾ ಇರುವವರು ಗೊತ್ತಿಲ್ಲದೆ ನಿದ್ದೆ ಮಾತ್ರೆ ನುಂಗಿದರೆ ಗಂಟಲು ಇನ್ನೂ ಸಡಿಲವಾಗಬಹುದು, ಮೆದುಳು ಎಬ್ಬಿಸುವುದು ಇನ್ನೂ ತಡವಾಗಬಹುದು. ಸಂಜೆಯ ಎರಡು ಪೆಗ್ಗಿನದ್ದೂ ಇದೇ ಕತೆ.

ಕನಸಿನಲ್ಲಿ ಕಿರುಚಿ, ಕೈಕಾಲು ಬೀಸಿ ಪಕ್ಕದವರನ್ನು ಹೊಡೆಯುವವರು ನೇರ ನರರೋಗದ ಡಾಕ್ಟರ ಹತ್ತಿರ ಹೋಗಿ. ಕೆಲವರಲ್ಲಿ ಅದು ಪಾರ್ಕಿನ್ಸನ್ಸ್‌ನಂಥ ಕಾಯಿಲೆಯ ಮುನ್ಸೂಚನೆ ಆಗಿರುತ್ತದೆ.

ಮನೆಯ ಟೆಸ್ಟೋ, ಲ್ಯಾಬ್ ಟೆಸ್ಟೋ

ಹಾಸನದಲ್ಲಾದರೆ ಹಿಮ್ಸ್, ಚಿಕ್ಕಮಗಳೂರಿನಲ್ಲಾದರೆ ಮಲ್ಲೇಗೌಡ ಆಸ್ಪತ್ರೆ, ಇಲ್ಲವೇ ನಿಮಗೆ ಗೊತ್ತಿರುವ ಕಿವಿ-ಮೂಗು-ಗಂಟಲು ಡಾಕ್ಟರು ಅಥವಾ ಶ್ವಾಸಕೋಶದ ಡಾಕ್ಟರು. ಶುರು ಅಲ್ಲಿಂದ. ಅವರು ಸ್ಲೀಪ್ ಸ್ಟಡಿ ಬರೆಯುತ್ತಾರೆ. ಅದರಲ್ಲಿ ಎರಡು ಬಗೆ.

ಲ್ಯಾಬಿನದರಲ್ಲಿ ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಎದೆಗೆ, ಕಾಲಿಗೆ ವೈರು ಅಂಟಿಸುತ್ತಾರೆ. ಮೂಗಿನ ಹತ್ತಿರ ಗಾಳಿ ಅಳೆಯುವ ನಳಿಗೆ, ಬೆರಳಿಗೆ ಕ್ಲಿಪ್ಪು. ನೀವು ನಿಜವಾಗಿ ಎಷ್ಟು ಹೊತ್ತು ನಿದ್ದೆ ಮಾಡಿದಿರಿ, ಯಾವ ಹಂತದ ನಿದ್ದೆ, ಕಾಲು ಒದ್ದಿರಾ ಎಲ್ಲ ಗೊತ್ತಾಗುತ್ತದೆ. ಮನೆಯದರಲ್ಲಿ ಮೂಗಿನ ನಳಿಗೆ, ಎದೆಗೆ ಬೆಲ್ಟು, ಬೆರಳಿಗೆ ಕ್ಲಿಪ್ಪು ಅಷ್ಟೆ. ನನಗೆ ಹೇಳಿದ ದರದಲ್ಲಿ ಲ್ಯಾಬಿನದು ಮನೆಯದರ ಮೂರರಷ್ಟಿತ್ತು, ಅದರ ಮೇಲೆ ಒಂದು ರಾತ್ರಿ ಬೆಂಗಳೂರು.

ಹೃದಯದ ತೊಂದರೆ, ಪಾರ್ಶ್ವವಾಯು, ಶ್ವಾಸಕೋಶದ ದೊಡ್ಡ ಕಾಯಿಲೆ ಇಲ್ಲದ, ಲಕ್ಷಣ ಎದ್ದು ಕಾಣುವ ನನ್ನಂಥವರಿಗೆ ಮನೆ ಟೆಸ್ಟ್ ಸಾಕು. ಉಳಿದವರಿಗೆ, ನಿದ್ದೆಯಲ್ಲಿ ಕಾಲು ಒದೆಯುವ ತೊಂದರೆ ಅಥವಾ ಕನಸಿನ ಗಲಾಟೆ ಇರುವವರಿಗೆ ಲ್ಯಾಬೇ ಸರಿ. ನರಕ್ಕೆ ಸಂಬಂಧಿಸಿದ್ದಾದರೆ ನಿಮ್ಹಾನ್ಸ್ ಇದೆ. ಇನ್ನೊಂದು ವಿಷಯ. ಮನೆ ಟೆಸ್ಟಿಗೆ ನೀವು ನಿದ್ದೆ ಮಾಡಿದಿರೋ, ಸುಮ್ನೆ ಕಣ್ಣು ಮುಚ್ಚಿ ಮಲಗಿದ್ದಿರೋ ಗೊತ್ತಾಗುವುದಿಲ್ಲ. ಎಚ್ಚರ ಇದ್ದ ಹೊತ್ತನ್ನೂ ಸೇರಿಸಿ ಭಾಗಿಸುವುದರಿಂದ ತೊಂದರೆ ಇರುವುದಕ್ಕಿಂತ ಕಡಿಮೆ ಕಾಣಬಹುದು. ಮನೆ ಟೆಸ್ಟ್ ನಾರ್ಮಲ್ ಬಂದೂ ಹಗಲು ತೂಕಡಿಕೆ ಹೋಗದಿದ್ದರೆ ಲ್ಯಾಬಿಗೆ ಹೋಗಲೇಬೇಕು.

ರಿಪೋರ್ಟಿನಲ್ಲಿ ಎಎಚ್‌ಐ ಅಂತ ಒಂದು ಸಂಖ್ಯೆ ಇರುತ್ತದೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಅರ್ಧಕ್ಕರ್ಧ ಕಟ್ಟಿತು ಅನ್ನುವ ಲೆಕ್ಕ. 5ರ ಒಳಗೆ ಸರಿ, 15ರವರೆಗೆ ಅಲ್ಪ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ನನ್ನದು 41. ಅದೊಂದೇ ನೋಡಿ ಪೇಪರ್ ಮಡಚಬೇಡಿ. ಬೆನ್ನ ಮೇಲೆ ಮಲಗಿದಾಗ ಎಷ್ಟು, ಮಗ್ಗುಲಾಗಿ ಮಲಗಿದಾಗ ಎಷ್ಟು ಅಂತ ಕೆಳಗೆ ಬೇರೆ ಬೇರೆ ಕೊಟ್ಟಿರುತ್ತಾರೆ. ಆಮ್ಲಜನಕ ಎಷ್ಟಕ್ಕೆ ಇಳಿಯಿತು ಅನ್ನೋದೂ ಇರುತ್ತದೆ. ಮುಂದಿನ ಆಯ್ಕೆ ಎಲ್ಲ ಆ ಸಾಲುಗಳಲ್ಲೇ ಇದೆ.

ಒಂದು ಎಚ್ಚರಿಕೆ. ನನಗೆ ಮೊದಲು ಟೆಸ್ಟ್ ಮಾಡಿಕೊಟ್ಟದ್ದು ಮೆಷಿನ್ ಮಾರುವವರೇ, ಫ್ರೀಯಾಗಿ. ಮಾರನೆ ಬೆಳಿಗ್ಗೆ ಹತ್ತಕ್ಕೆ ಫೋನ್. "ಸರ್ ನಿಮ್ದು ಸಿವಿಯರ್, ಇವತ್ತು ಬುಕ್ ಮಾಡಿದ್ರೆ ಆಫರ್ ಇದೆ." ರಿಪೋರ್ಟಿಗೆ ಡಾಕ್ಟರ ಸಹಿಯೇ ಇರಲಿಲ್ಲ. ಸಿವಿಯರ್ ಅನ್ನೋದು ನಿಜವೇ ಆಗಿತ್ತು ಅನ್ನಿ, ಆದರೆ ಅವರು ಹೊರಿಸಲು ಬಂದದ್ದು ನನಗೆ ಬೇಡದ, ಬೈಪ್ಯಾಪ್ ಅನ್ನುವ ಇನ್ನೂ ದೊಡ್ಡ ಮೆಷಿನ್. ಟೆಸ್ಟ್ ಮಾಡುವವರು ಒಬ್ಬರು, ಮಾರುವವರು ಇನ್ನೊಬ್ಬರು ಆಗಿದ್ದರೆ ನಿಮಗೇ ಒಳ್ಳೆಯದು.

ಸಿಪ್ಯಾಪ್: ಮೆಷಿನ್‌ಗಿಂತ ಮಾಸ್ಕ್ ಮುಖ್ಯ

ಸಿಪ್ಯಾಪ್ ಅಂದರೆ ಆಮ್ಲಜನಕ ಕೊಡುವ ಯಂತ್ರ ಅಲ್ಲ. ಅದೊಂದು ಗಾಳಿಯ ಪಂಪು. ಒತ್ತಡದ ಗಾಳಿ ಗಂಟಲನ್ನು ಒಳಗಿನಿಂದ ತೆರೆದು ಹಿಡಿಯುತ್ತದೆ, ಟ್ಯೂಬಿಗೆ ಗಾಳಿ ತುಂಬಿದ ಹಾಗೆ. ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಮೊದಲು ಪ್ರಕಟಿಸಿದರು. ಮಧ್ಯಮ ಮತ್ತು ತೀವ್ರ ಅಪ್ನಿಯಾಕ್ಕೆ ಇವತ್ತಿಗೂ ಇದನ್ನು ಮೀರಿಸಿದ್ದಿಲ್ಲ. ಹಾಕಿಕೊಂಡ ರಾತ್ರಿಯಿಂದಲೇ ಗೊರಕೆ ನಿಲ್ಲುತ್ತದೆ. ತೂಕಡಿಕೆ ಹೋಗುತ್ತದೆ. ಬಿಪಿ ಸ್ವಲ್ಪ ಇಳಿಯುತ್ತದೆ, ತುಂಬಾ ಅಲ್ಲ.

ಹೃದಯಾಘಾತ ತಪ್ಪಿಸುತ್ತದೆ ಅಂತ ಮಾರುವವರು ಹೇಳುವುದನ್ನು ಪೂರಾ ನಂಬಬೇಡಿ. 2016ರಲ್ಲಿ ಪ್ರಕಟವಾದ 'ಸೇವ್' ಅನ್ನುವ ದೊಡ್ಡ ಅಧ್ಯಯನದಲ್ಲಿ, ಈಗಾಗಲೇ ಹೃದಯ ಅಥವಾ ಪಾರ್ಶ್ವವಾಯು ತೊಂದರೆ ಇದ್ದ 2,700ಕ್ಕೂ ಜಾಸ್ತಿ ಜನರಲ್ಲಿ ಅದು ಸಾಬೀತಾಗಲಿಲ್ಲ. ಆದರೆ ಅವರು ಮೆಷಿನ್ ಬಳಸಿದ್ದು ಸರಾಸರಿ ರಾತ್ರಿಗೆ 3.3 ಗಂಟೆ ಮಾತ್ರ. ಅರ್ಧ ರಾತ್ರಿ ಮಾಸ್ಕ್ ಕಿತ್ತಿಟ್ಟು ಮಲಗಿದರೆ ಉಳಿದ ಅರ್ಧ ರಾತ್ರಿ ಹಳೇ ಕತೆಯೇ.

ಹಾಗಾಗಿ ಮಾಸ್ಕಿಗೆ ತಲೆ ಕೆಡಿಸಿಕೊಳ್ಳಿ. ಮೂರು ಬಗೆ ಇವೆ. ಮೂಗನ್ನು ಮಾತ್ರ ಮುಚ್ಚುವುದು, ಮೂಗಿನ ಹೊಳ್ಳೆಗೆ ಮೆತ್ತಗೆ ಒರಗುವ ಪಿಲ್ಲೋ, ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್. ಅಂಗಡಿಯವರು ಫುಲ್ ಫೇಸ್ ಕೊಡಲು ನೋಡುತ್ತಾರೆ, ಬಾಯಿ ತೆರೆದು ಮಲಗುವವರಿಗೂ ಆಗುತ್ತದೆ ಅಂತ. ನನ್ನ ಪ್ರಕಾರ ಅದು ಕೊನೆಯ ಆಯ್ಕೆ. ದೊಡ್ಡದು, ಬಿಗಿ ಜಾಸ್ತಿ, ಗಾಳಿ ಸೋರುವ ಅಂಚೂ ಜಾಸ್ತಿ. ಮೂಗು ಸರಿಯಾಗಿ ಆಡುತ್ತಿದ್ದರೆ ಮೂಗಿನ ಮಾಸ್ಕಿನಿಂದ ಶುರು ಮಾಡಿ. ಮೂಗು ಕಟ್ಟುವವರು ಮೊದಲು ಮೂಗಿಗೇ ಔಷಧಿ ಮಾಡಿಸಿಕೊಳ್ಳಿ.

ಮೀಸೆ ಇದ್ದರೆ? ನಮ್ಮ ಕಡೆ ಇದು ಸಣ್ಣ ಪ್ರಶ್ನೆ ಅಲ್ಲ. ಮೂಗಿನ ಮಾಸ್ಕಿನ ಕೆಳ ಅಂಚು ಸರಿಯಾಗಿ ಮೀಸೆ ಮೇಲೆ ಕೂರುತ್ತದೆ. ಅಲ್ಲಿಂದ ಗಾಳಿ ಪುಸಪುಸ ಅಂತ ಸೋರಿ ಕಣ್ಣಿಗೆ ಹೊಡೆಯುತ್ತದೆ. ನಾನು ಎರಡು ವಾರ ಸ್ಟ್ರಾಪ್ ಬಿಗಿದು ಬಿಗಿದು ಮೂಗಿನ ಮೇಲೆ ಹುಣ್ಣು ಮಾಡಿಕೊಂಡೆ. ಆಮೇಲೆ ಪಿಲ್ಲೋ ಹಾಕಿದೆ, ಮೀಸೆ ಉಳಿಯಿತು. ರಾತ್ರಿ ಮುಖಕ್ಕೆ ಕೊಬ್ಬರಿ ಎಣ್ಣೆ, ಮೂಗಿಗೆ ವಿಕ್ಸ್ ಹಚ್ಚಿಕೊಳ್ಳುವ ಅಭ್ಯಾಸ ಇದ್ದರೆ ಬಿಡಿ. ಎಣ್ಣೆಗೆ ಮಾಸ್ಕಿನ ಸಿಲಿಕೋನ್ ಅಂಚು ಜಾರುತ್ತದೆ, ಬೇಗ ಹಾಳಾಗುತ್ತದೆ. ದಿನಾ ಬೆಳಿಗ್ಗೆ ಮೆತ್ತನೆ ಸೋಪಿನಲ್ಲಿ ತೊಳೆದು ನೆರಳಿಗೆ ಒಣ ಹಾಕಿ.

ಮೆಷಿನ್ನಿಗೆ ಬಂದರೆ, ಫಿಕ್ಸೆಡ್ ಅನ್ನುವುದು ಡಾಕ್ಟರು ಇಟ್ಟ ಒಂದೇ ಒತ್ತಡದಲ್ಲಿ ಓಡುತ್ತದೆ. ಆಟೋ ಅನ್ನುವುದು ಉಸಿರು ನೋಡಿಕೊಂಡು ಒತ್ತಡವನ್ನು ಸಾಮಾನ್ಯವಾಗಿ 4ರಿಂದ 20ರ (ನೀರಿನ ಸೆಂಟಿಮೀಟರ್ ಲೆಕ್ಕ) ನಡುವೆ ತಾನೇ ಏರಿಳಿಸುತ್ತದೆ. ನಾನು ವಿಚಾರಿಸಿದಾಗ ಫಿಕ್ಸೆಡ್ 30 ಸಾವಿರದ ಆಸುಪಾಸು, ಆಟೋ 40ರಿಂದ 80 ಸಾವಿರ ಹೇಳಿದರು. ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದರೂ ಲ್ಯಾಬ್ ಇರುವ ಊರಿನಿಂದ ದೂರ ಇರುವವರಿಗೆ ನಾನು ಆಟೋ ಹೇಳುತ್ತೇನೆ. ಒತ್ತಡ ಎಷ್ಟಿರಬೇಕು ಅಂತ ತಿಳಿಯಲು ಇನ್ನೊಂದು ರಾತ್ರಿ ಲ್ಯಾಬಿನಲ್ಲಿ ಮಲಗುವುದು ತಪ್ಪುತ್ತದೆ. ಹೃದಯ ದುರ್ಬಲ ಇರುವವರಿಗೆ, ಶ್ವಾಸಕೋಶದ ಕಾಯಿಲೆ ಇರುವವರಿಗೆ, ಮೆದುಳೇ ಉಸಿರಾಡು ಅಂತ ಹೇಳಲು ಮರೆಯುವ ಸೆಂಟ್ರಲ್ ಅಪ್ನಿಯಾದವರಿಗೆ ಈ ಮಾತು ಹೊಂದುವುದಿಲ್ಲ, ಡಾಕ್ಟರು ಹೇಳಿದ್ದೇ ಸರಿ. ಆಟೋ 4ರಿಂದ ಶುರುವಾದಾಗ ಕೆಲವರಿಗೆ ಗಾಳಿ ಸಾಲದೆ ಉಸಿರು ಕಟ್ಟಿದ ಹಾಗಾಗುತ್ತದೆ. ಮೆಷಿನ್ ಆಗಿಬರಲಿಲ್ಲ ಅಂತ ವಾಪಸ್ ಕೊಡಬೇಡಿ. ಶುರುವಿನ ಒತ್ತಡ ಸ್ವಲ್ಪ ಏರಿಸಲು ಡಾಕ್ಟರಿಗೆ ಹೇಳಿ. ನನಗೆ 7 ಮಾಡಿದ ಮೇಲೆ ಸರಿಯಾಯಿತು.

ಬೈಪ್ಯಾಪ್ ಒಳಗೆಳೆಯುವಾಗ ಒಂದು, ಬಿಡುವಾಗ ಒಂದು ಒತ್ತಡ ಕೊಡುತ್ತದೆ. ತುಂಬಾ ಒತ್ತಡ ಬೇಕಾದವರಿಗೆ, ದಪ್ಪ ಇದ್ದು ಹಗಲೂ ಉಸಿರಾಟ ಸಾಲದವರಿಗೆ ಅದು. ಸುಮ್ನೆ ದೊಡ್ಡ ಮೆಷಿನ್ ಇರಲಿ ಅಂತ ತಗೊಳ್ಳುವುದಲ್ಲ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಒಂದು ಮಾತು. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಮೊದಲ ತಲೆಮಾರಿನ ಡ್ರೀಮ್‌ಸ್ಟೇಷನ್ ಸೇರಿ ಲಕ್ಷಗಟ್ಟಲೆ ಯಂತ್ರಗಳನ್ನು ವಾಪಸ್ ಕರೆಯಿತು. ಸದ್ದು ತಗ್ಗಿಸಲು ಒಳಗಿಟ್ಟ ಸ್ಪಂಜು ಪುಡಿಯಾಗಿ ಉಸಿರಿಗೆ ಸೇರಬಹುದು ಅಂತ. ಅಗ್ಗಕ್ಕೆ ಸಿಗುತ್ತಿದೆ ಅಂದರೆ ಮಾಡೆಲ್ ಹೆಸರು ನೋಡಿ. ಮಾಸ್ಕು, ಪೈಪು ಮಾತ್ರ ಯಾವತ್ತೂ ಹೊಸದೇ ಆಗಬೇಕು. ಹೆಲ್ತ್ ಇನ್ಶೂರೆನ್ಸ್ ಇದೆ ಅಂತ ಲೆಕ್ಕ ಹಾಕಿಕೊಳ್ಳುವ ಮೊದಲು ಪಾಲಿಸಿ ಓದಿ, ಮನೆಗೆ ಒಯ್ಯುವ ಯಂತ್ರಕ್ಕೆ ಎಷ್ಟೋ ಪಾಲಿಸಿಗಳು ಕೊಡುವುದಿಲ್ಲ.

ಕರೆಂಟು, ನೀರು, ಚಳಿ

ಹಾಸನ ಪೇಟೆಯಲ್ಲಿ ಕರೆಂಟಿನ ಚಿಂತೆ ಅಷ್ಟಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜುಲೈನಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಗಾಳಿಗೆ ತೇವ ಸೇರಿಸುವ ಬಿಸಿ ನೀರಿನ ಹ್ಯೂಮಿಡಿಫೈಯರ್ ಆಫ್ ಮಾಡಿದರೆ ಮೆಷಿನ್ ಹೆಚ್ಚು ಕಮ್ಮಿ 30 ವ್ಯಾಟ್ ಎಳೆಯುತ್ತದೆ, ಒಂದು ಹಳೇ ಟ್ಯೂಬ್‌ಲೈಟಿನಷ್ಟೂ ಇಲ್ಲ. ಎಂಟು ಗಂಟೆಗೆ 240 ವ್ಯಾಟ್-ಅವರ್. ಮನೆಯ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ಇದ್ದರೂ ಕೈಗೆ ಸಿಗುವುದು ಅರ್ಧ. ಇನ್ವರ್ಟರ್ ತಾನೇ ತಿನ್ನುವುದನ್ನು ಕಳೆದರೂ ಎರಡು ರಾತ್ರಿ ಬರಬೇಕು, ಬೇರೆ ಫ್ಯಾನು ಟಿವಿ ಓಡಿಸದಿದ್ದರೆ. ಹ್ಯೂಮಿಡಿಫೈಯರ್ ಹಾಕಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಲಿ. ಹಳೇ ಸ್ಕ್ವೇರ್ ವೇವ್ ಇದ್ದರೆ ಮೆಷಿನ್ ಕಂಪನಿಗೆ ಕೇಳದೆ ಸಿಕ್ಕಿಸಬೇಡಿ.

ಮಾಸ್ಕ್ ಹಾಕಿ ಮಲಗಿದಾಗ ಕರೆಂಟ್ ಹೋದರೆ ಉಸಿರು ಕಟ್ಟುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಮಾಸ್ಕಿನಲ್ಲಿ ಗಾಳಿ ಹೋಗುವ ತೂತು ಇರುತ್ತದೆ, ಫುಲ್ ಫೇಸಿನಲ್ಲಿ ಅದಕ್ಕೇ ಒಂದು ವಾಲ್ವ್ ಇರುತ್ತದೆ. ಸೆಖೆಯಾದ ಹಾಗಾಗಿ ಎಚ್ಚರವಾಗುತ್ತದೆ, ಅಷ್ಟೆ.

ಹ್ಯೂಮಿಡಿಫೈಯರಿಗೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರ್‌ವೆಲ್ ನೀರು ಕಾಯಿಸಿದರೂ ಸುಣ್ಣ ಪೂರಾ ಹೋಗುವುದಿಲ್ಲ, ತೊಟ್ಟಿ ಹದಿನೈದು ದಿನಕ್ಕೆ ಬೆಳ್ಳಗಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಬೇರೆ ತಾಪತ್ರಯ. ಬಿಸಿ ಗಾಳಿ ತಣ್ಣನೆ ಪೈಪಿನಲ್ಲಿ ನೀರಾಗಿ ಗೊಳಗೊಳ ಅನ್ನುತ್ತದೆ, ಒಂದು ಹನಿ ಮೂಗಿಗೆ ಬಂದು ಬೀಳುತ್ತದೆ. ಪೈಪನ್ನು ಕಂಬಳಿ ಒಳಗೆ ಹಾಯಿಸಿಕೊಳ್ಳಿ, ಇಲ್ಲ ತೇವದ ಮಟ್ಟ ಇಳಿಸಿ. ಮಲೆನಾಡಿನ ಮಳೆಗಾಲದಲ್ಲಿ ಬಹಳ ಜನಕ್ಕೆ ಹ್ಯೂಮಿಡಿಫೈಯರೇ ಬೇಡ. ಗಾಳಿಯೇ ಒದ್ದೆ. ಆಗ ಫಿಲ್ಟರ್ ನೋಡುತ್ತಿರಿ, ಬೂಸ್ಟು ಹಿಡಿಯುತ್ತದೆ.

ಭಾವನ ಹಲ್ಲಿನ ಪ್ಲೇಟ್

ಮೂಡಿಗೆರೆಯಲ್ಲಿ ಅಕ್ಕನ ಮನೆ. ಭಾವನಿಗೂ ಗೊರಕೆ, ಎಎಚ್‌ಐ 17. ತೋಟದ ನಡುವೆ ಮನೆ, ಕರೆಂಟ್ ಮೇಲೆ ನಂಬಿಕೆ ಇಲ್ಲ. ನನ್ನ ಮಾಸ್ಕ್ ನೋಡಿ "ಅದನ್ನ ಹಾಕ್ಕೊಂಡು ಮಲಗಿದ್ರೆ ನಾಯಿ ಬೊಗಳ್ತದೆ ಮಾರಾಯ" ಅಂದರು. ಅವರಿಗೆ ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಎರಡು ಪ್ಲೇಟ್ ಮಾಡಿಕೊಟ್ಟರು. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು. ರಾತ್ರಿ ಹಾಕಿಕೊಂಡರೆ ಕೆಳದವಡೆ ಕೆಲವು ಮಿಲಿಮೀಟರ್ ಮುಂದೆ ಬಂದು ನಿಲ್ಲುತ್ತದೆ. ದವಡೆ ಜೊತೆ ನಾಲಿಗೆಯೂ ಮುಂದೆ ಬರುವುದರಿಂದ ಗಂಟಲಲ್ಲಿ ಜಾಗ ಆಗುತ್ತದೆ.

ಉಸಿರು ನಿಲ್ಲುವ ಸಂಖ್ಯೆ ಇಳಿಸುವುದರಲ್ಲಿ ಸಿಪ್ಯಾಪ್ ಮುಂದೆ. ಹಾಕಿಕೊಳ್ಳುವ ಗಂಟೆಗಳ ಲೆಕ್ಕದಲ್ಲಿ ಪ್ಲೇಟ್ ಮುಂದೆ. ಹಗಲಿನ ತೂಕಡಿಕೆ ಎಷ್ಟು ಕಡಿಮೆಯಾಯಿತು ಅಂತ ನೋಡಿದರೆ ಎರಡೂ ಹತ್ತಿರ ಹತ್ತಿರ ಬರುತ್ತವೆ. ಕರೆಂಟ್ ಬೇಡ, ಸದ್ದಿಲ್ಲ, ಜೇಬಲ್ಲಿ ಇಟ್ಟುಕೊಂಡು ಧರ್ಮಸ್ಥಳಕ್ಕೂ ಹೋಗಬಹುದು. ಆದರೆ ಗಟ್ಟಿ ಹಲ್ಲು ಬೇಕು. ಸೆಟ್ ಹಲ್ಲಿನವರಿಗೆ, ವಸಡು ಸಡಿಲ ಇರುವವರಿಗೆ ಆಗುವುದಿಲ್ಲ. ಮೊದಮೊದಲು ಬೆಳಿಗ್ಗೆ ದವಡೆ ನೋವು, ಬಾಯಿ ತುಂಬ ಜೊಲ್ಲು. ವರ್ಷಗಳು ಕಳೆದ ಮೇಲೆ ಹಲ್ಲಿನ ಕಚ್ಚುವಿಕೆ ಸ್ವಲ್ಪ ಬದಲಾಗಬಹುದು.

ಆನ್‌ಲೈನಿನಲ್ಲಿ ಬಿಸಿನೀರಿಗೆ ಹಾಕಿ ಕಚ್ಚುವ ಪ್ಲೇಟ್ ಅಗ್ಗಕ್ಕೆ ಸಿಗುತ್ತದೆ. ಭಾವ ಮೊದಲು ಅದನ್ನೇ ತರಿಸಿದ್ದರು. ಮೂರನೇ ರಾತ್ರಿ ದಿಂಬಿನ ಕೆಳಗೆ ಸಿಕ್ಕಿತು. ಅಳತೆಗೆ ಮಾಡಿಸಿದ್ದೇ ಕೂರುವುದು. ಹಾಕಿಕೊಂಡ ಮೇಲೆ ಗೊರಕೆ ನಿಂತಿತು ಅಂತ ಸುಮ್ಮನಾಗಬೇಡಿ. ಪ್ಲೇಟ್ ಹಾಕಿಕೊಂಡೇ ಇನ್ನೊಂದು ಸ್ಲೀಪ್ ಸ್ಟಡಿ ಮಾಡಿಸಬೇಕು. ಸದ್ದಿಲ್ಲದೆ ಉಸಿರು ನಿಲ್ಲುವುದೂ ಉಂಟು. ಭಾವನದ್ದು 17ರಿಂದ 6ಕ್ಕೆ ಇಳಿದಿದೆ.

ಬೆನ್ನಿಗೆ ಚೆಂಡು, ಬಾಯಿಗೆ ಶಂಖ

ರಿಪೋರ್ಟಿನ ಕೆಳಗಿನ ಸಾಲು ನೋಡಿ ಅಂದಿದ್ದೆನಲ್ಲ. ಬೆನ್ನ ಮೇಲೆ ಮಲಗಿದಾಗಿನ ಸಂಖ್ಯೆ ಮಗ್ಗುಲಿನದರ ಎರಡರಷ್ಟು ಅಥವಾ ಜಾಸ್ತಿ ಇದ್ದರೆ ನೀವು ಅದೃಷ್ಟವಂತರು. ಅಪ್ನಿಯಾದವರಲ್ಲಿ ಸುಮಾರು ಅರ್ಧ ಜನ ಹೀಗೇ. ಹಳೇ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿಸಿ ಒಂದು ಟೆನಿಸ್ ಬಾಲ್ ಹಾಕಿ. ಅಂಗಾತ ತಿರುಗಿದರೆ ಒತ್ತುತ್ತದೆ, ಮತ್ತೆ ಮಗ್ಗುಲಾಗುತ್ತೀರಿ. ಐವತ್ತು ನೂರು ರೂಪಾಯಿಯ ಚಿಕಿತ್ಸೆ. ಮಗ್ಗುಲಲ್ಲಿ 5ರ ಒಳಗೆ ಬರುವ, ಅಲ್ಪ ಅಪ್ನಿಯಾದವರಿಗೆ ಇದೇ ಮೊದಲು ಅಂತೀನಿ ನಾನು. ತೊಂದರೆ ಏನಂದರೆ ಆರು ತಿಂಗಳಾದ ಮೇಲೆ ಆ ಬನಿಯನ್ ಒರೆಸುವ ಬಟ್ಟೆ ಆಗಿರುತ್ತದೆ.

ತೂಕದ ವಿಷಯ ಎಲ್ಲರಿಗೂ ಗೊತ್ತು, ಲೆಕ್ಕ ಗೊತ್ತಿಲ್ಲ. ಅಮೆರಿಕದ ವಿಸ್ಕಾನ್ಸಿನ್ನಿನ ಅಧ್ಯಯನದ ಪ್ರಕಾರ ತೂಕ ನೂರಕ್ಕೆ 10ರಷ್ಟು ಇಳಿದರೆ ಎಎಚ್‌ಐ ನೂರಕ್ಕೆ 26ರಷ್ಟು ಇಳಿಯುತ್ತದೆ. 90 ಕೆಜಿಯವರು 81ಕ್ಕೆ ಬಂದರೆ 20 ಇದ್ದದ್ದು 15 ಆಗುವ ಹಾಗೆ. ನಾನು ರಾತ್ರಿ ಮುದ್ದೆ ಎರಡರಿಂದ ಒಂದಕ್ಕೆ ಇಳಿಸಿ, ಮಹಾರಾಜ ಪಾರ್ಕ್ ಸುತ್ತಿ ಏಳು ಕೆಜಿ ಇಳಿದೆ. ಮೆಷಿನ್ ಬಿಡುವಷ್ಟು ಅಲ್ಲ, ಒತ್ತಡ ಕಡಿಮೆಯಾಗುವಷ್ಟು ಆಯಿತು.

ವಾರಕ್ಕೊಂದು ಚುಚ್ಚುವ ಟಿರ್ಜೆಪಟೈಡ್ ಇಂಜೆಕ್ಷನ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವವರಿಗೆ ಅಂತ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಭಾರತಕ್ಕೆ ಮೌಂಜಾರೊ ಹೆಸರಲ್ಲಿ 2025ರ ಮಾರ್ಚ್‌ನಲ್ಲಿ ಬಂತು, ಇಲ್ಲಿ ಡಯಾಬಿಟಿಸ್ ಮತ್ತು ತೂಕಕ್ಕೆ ಅಂತ. ಅಧ್ಯಯನದಲ್ಲಿ ಒಂದು ವರ್ಷಕ್ಕೆ ಎಎಚ್‌ಐ ಗಂಟೆಗೆ 25-29 ಸಲದಷ್ಟು ಇಳಿಯಿತು, ಅದು ಸಣ್ಣ ಮಾತಲ್ಲ. ಆದರೆ ಅವರ ಬಿಎಂಐ ಸರಾಸರಿ 39ರ ಸುತ್ತಮುತ್ತ ಇತ್ತು. ಬಿಟ್ಟರೆ ತೂಕ ವಾಪಸ್ ಬರುತ್ತದೆ. ತೆಳ್ಳಗಿದ್ದು ದವಡೆ ಹಿಂದಿರುವ ಕಾರಣಕ್ಕೆ ಅಪ್ನಿಯಾ ಬಂದವರಿಗೆ ಇದರಿಂದ ಏನೂ ಇಲ್ಲ.

ಶಂಖದ ಮಾತು ತಮಾಷೆ ಅಂದುಕೊಳ್ಳಬೇಡಿ. ಜೈಪುರದಲ್ಲಿ 30 ಜನರ ಮೇಲೆ ಮಾಡಿ 2025ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಆರು ತಿಂಗಳು ಶಂಖ ಊದಿದ ಮಧ್ಯಮ ಅಪ್ನಿಯಾದವರಿಗೆ ಗಂಟೆಗೆ ನಾಲ್ಕೈದು ಸಲದಷ್ಟು ಉಸಿರು ನಿಲ್ಲುವುದು ಕಡಿಮೆಯಾಯಿತು, ತೂಕಡಿಕೆಯೂ ಇಳಿಯಿತು. ಗಂಟಲಿನ ಸ್ನಾಯುವಿಗೆ ಅದು ವ್ಯಾಯಾಮ. ಹಾಗಾದರೆ ನಮ್ಮ ಕಡೆ ಶಂಖ ಜಾಗಟೆ ಹಿಡಿದು ಬರುವ ದಾಸಯ್ಯಂದಿರು ಗೊರಕೆ ಹೊಡೆಯುತ್ತಾರಾ ಅಂತ ಯಾರಾದರೂ ನೋಡಬೇಕು. 30 ಜನರ ಲೆಕ್ಕ ನಂಬಿ ಮಾಸ್ಕ್ ಬಿಡುವುದು ಬೇಡ. ಮಾಸ್ಕಿನ ಜೊತೆಗೆ ಊದಿದರೆ ನಷ್ಟವಿಲ್ಲ, ಪಕ್ಕದ ಮನೆಯವರು ಒಪ್ಪಿದರೆ. ಬಾಯಿಗೆ ಟೇಪ್ ಅಂಟಿಸಿಕೊಳ್ಳುವ ವಿಡಿಯೋಗಳನ್ನು ಮಾತ್ರ ನೋಡಿ ನಕ್ಕುಬಿಡಿ. ಮೂಗು ಕಟ್ಟಿದ ರಾತ್ರಿ ಅದು ಅಪಾಯ.

ಆಪರೇಷನ್

ಮಕ್ಕಳಿಗೆ ಟಾನ್ಸಿಲ್, ಅಡಿನಾಯ್ಡ್ ದೊಡ್ಡದಾಗಿ ಅಪ್ನಿಯಾ ಬಂದಿದ್ದರೆ ಆಪರೇಷನ್ನೇ ಸಾಮಾನ್ಯವಾಗಿ ಮೊದಲ ಆಯ್ಕೆ. ದೊಡ್ಡವರಿಗೆ ಹಾಗಲ್ಲ. ಮೂಗಿನ ಮೂಳೆ ಸರಿಪಡಿಸಿದರೆ ಮಾಸ್ಕ್ ಹಾಕಲು ಸುಲಭವಾಗುತ್ತದೆ, ಅಪ್ನಿಯಾ ಹೋಗುವುದು ಅಪರೂಪ. ಗಂಟಲ ಹಿಂದಿನ ಮೆತ್ತನೆ ಭಾಗ ಕತ್ತರಿಸುವ ಆಪರೇಷನ್ ಯಾರಿಗೆ ಫಲಿಸುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. ಗೊರಕೆಗೆ ಒಂದೇ ದಿನದ ಲೇಸರ್ ಅಂತ ಬೋರ್ಡ್ ನೋಡಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ನಾನಾದರೆ

ಎಎಚ್‌ಐ 30 ದಾಟಿದೆ, ಅಥವಾ ಆಮ್ಲಜನಕ ತುಂಬಾ ಇಳಿಯುತ್ತಿದೆ, ಅಥವಾ ಕೆಲಸವೇ ಗಾಡಿ ಓಡಿಸುವುದು ಅಂದರೆ ಯೋಚನೆ ಬೇಡ, ಸಿಪ್ಯಾಪ್. ಶಿರಾಡಿ, ಚಾರ್ಮಾಡಿ ತಿರುವಿನಲ್ಲಿ ಎರಡು ಸೆಕೆಂಡಿನ ತೂಕಡಿಕೆ ಸಾಕು. ಚಿಕಿತ್ಸೆ ಸರಿಯಾಗಿ ಕೂರುವ ತನಕ ಸ್ಟೇರಿಂಗ್ ಬೇರೆಯವರಿಗೆ ಕೊಡಿ. ದಾರಿಯಲ್ಲಿ ಕಣ್ಣೆಳೆದರೆ ಕಾಫಿ ಕುಡಿದು ಇಪ್ಪತ್ತು ನಿಮಿಷ ಗಾಡಿ ನಿಲ್ಲಿಸಿ ಮಲಗಿ. 15ರ ಕೆಳಗಿದ್ದು ಹಲ್ಲು ಗಟ್ಟಿ ಇದ್ದರೆ ಪ್ಲೇಟ್, ಬೆನ್ನಿನ ಮೇಲಷ್ಟೇ ತೊಂದರೆ ಇದ್ದರೆ ಚೆಂಡು. ನಡುವಿನವರು ಯಾವುದು ಸಹಿಸಿಕೊಳ್ಳಬಲ್ಲಿರಿ ನೋಡಿ. ಯಾವುದೇ ಆಗಲಿ, ಮೆಷಿನ್ ಕೊಳ್ಳುವ ಮೊದಲು ಒಂದು ತಿಂಗಳು ಬಾಡಿಗೆಗೆ ತನ್ನಿ. ತಿಂಗಳ ಕೊನೆಗೆ ಅದರ ಸ್ಕ್ರೀನಿನಲ್ಲಿ ರಾತ್ರಿಗೆ ಎಷ್ಟು ಗಂಟೆ ಬಳಸಿದಿರಿ ಅಂತ ಇರುತ್ತದೆ. ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ ಕೊಳ್ಳುವುದನ್ನು ಮುಂದಕ್ಕೆ ಹಾಕಿ, ಮಾಸ್ಕ್ ಬದಲಿಸಿ.

ಎರಡೂ ಇಟ್ಟುಕೊಳ್ಳುವವರಿದ್ದಾರೆ, ಮನೆಯಲ್ಲಿ ಮೆಷಿನ್ನು, ಹೊರಗೆ ಹೋದಾಗ ಪ್ಲೇಟು. ಅದು ದಂಡದ ಖರ್ಚು ಅಂದುಕೊಂಡಿದ್ದೆ. ಕಳೆದ ಆಷಾಢದಲ್ಲಿ ಅಕ್ಕನ ಮನೆಗೆ ಹೋದೆ. ರಾತ್ರಿ ಹನ್ನೊಂದಕ್ಕೆ ಗಾಳಿ ಮಳೆ, ಕರೆಂಟ್ ಹೋಯಿತು. ಅವರ ಇನ್ವರ್ಟರ್ ಬ್ಯಾಟರಿ ಆರು ವರ್ಷದ್ದು. ಎರಡು ಗಂಟೆ ಎಳೆದು ಕೀ ಅಂತ ಕೂಗಿ ನಿಂತಿತು. ಮಾಸ್ಕ್ ಕಳಚಿ ಪಕ್ಕಕ್ಕಿಟ್ಟು, ಬೆನ್ನಿಗೆ ದಿಂಬು ಒತ್ತಿಕೊಂಡು ಮಗ್ಗುಲಾದೆ. ಪಕ್ಕದ ರೂಮಿನಿಂದ ಭಾವನದ್ದು ಒಂದು ಸದ್ದೂ ಇಲ್ಲ. ಪರವಾಗಿಲ್ಲ, ಪ್ಲೇಟ್ ಚೆನ್ನಾಗೇ ಕೆಲಸ ಮಾಡ್ತಿದೆ ಅಂದುಕೊಂಡು ಕಣ್ಣು ಮುಚ್ಚಿದೆ.

ಬೆಳಿಗ್ಗೆ ಅಕ್ಕ ಅಕ್ಕಿರೊಟ್ಟಿ ತಟ್ಟುತ್ತಾ ಹೇಳಿದಳು: "ರಾತ್ರಿಯೆಲ್ಲ ನಿಂದು ಗೊರಕೆ ಕಣೋ. ನಿಮ್ಮ ಭಾವ ಬೆಳಗಿನ ತನಕ ಎದ್ದೇ ಕೂತಿದ್ರು."